ಮರಗಸಿಗೆ ಎಂಥ ಮೆಷಿನ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಎಂಟು ಎಕರೆ ಕಾಫಿ ತೋಟ. ನೆರಳಿಗೆ ಸಿಲ್ವರ್ ಓಕ್, ಹಾಲುವಾಣ, ಅಲ್ಲಲ್ಲಿ ಹಲಸು, ಅತ್ತಿ ಇವೆ. ಮರಗಸಿಗೂ (ನೆರಳಿನ ಮರಗಳ ಕೊಂಬೆ ಸವರುವುದಕ್ಕೂ) ಮಳೆಗಾಲದಲ್ಲಿ ಬಿದ್ದ ಮರ ತುಂಡು ಮಾಡುವುದಕ್ಕೂ ಒಂದು ಚೈನ್‌ಸಾ ಬೇಕು. ಆನ್‌ಲೈನಿನಲ್ಲಿ 58 ಸಿಸಿ, 22 ಇಂಚು ಬಾರ್ (ಚೈನು ಸುತ್ತುವ ಪಟ್ಟಿ) ಇರುವ ಮೆಷಿನ್ ಎಂಟು ಸಾವಿರದೊಳಗೆ ಸಿಗುತ್ತದೆ. ಹೆಸರಾಂತ ಕಂಪನಿಯ 30 ಸಿಸಿ ಮೆಷಿನ್‌ಗೆ ಅಂಗಡಿಯವರು ಅದರ ಎರಡು ಪಟ್ಟಿಗಿಂತ ಹೆಚ್ಚು ಹೇಳುತ್ತಾರೆ. ಯಾವುದು ತೆಗೆದುಕೊಳ್ಳಲಿ?
– ಸೋಮವಾರಪೇಟೆಯ ಓದುಗರು

ಉತ್ತರ: ಮೊದಲು ನಿಮ್ಮ ಮರಗಳ ಅಳತೆ ನೋಡಿ. ನಮ್ಮ ಕಡೆ ಮರವನ್ನು ಸುತ್ತಳತೆಯಲ್ಲಿ ಹೇಳುವುದು ರೂಢಿ, ಆದರೆ ಬಾರ್ ಎಷ್ಟು ಉದ್ದ ಬೇಕು ಎನ್ನುವುದು ಅಡ್ಡಳತೆಯ ಲೆಕ್ಕ. ನಾಲ್ಕು ಅಡಿ ಸುತ್ತಳತೆಯ ಸಿಲ್ವರ್ ಅಡ್ಡಕ್ಕೆ 15 ಇಂಚು ಚಿಲ್ಲರೆ ಅಷ್ಟೇ. 18 ಇಂಚಿನ ಬಾರ್ ಅದನ್ನು ಒಂದೇ ಬದಿಯಿಂದ ಕುಯ್ಯುತ್ತದೆ. ಅದಕ್ಕಿಂತ ದಪ್ಪದ್ದನ್ನು ಎರಡು ಬದಿಯಿಂದ ಕುಯ್ಯಬಹುದು. 22 ಇಂಚು ಬೇಕಾಗುವ ಮರ ಎಂಟು ಎಕರೆಯಲ್ಲಿ ವರ್ಷಕ್ಕೆ ಎಷ್ಟು ಬಿದ್ದೀತು? ಅಂಥದ್ದಕ್ಕೆ ದಿನದ ಬಾಡಿಗೆಗೆ ಮೆಷಿನ್ ಸಮೇತ ಆಳು ಕರೆಸುವುದೇ ಅಗ್ಗ.

58 ಸಿಸಿ ಎನ್ನುವ ಅಂಕಿಯನ್ನು ಪೂರ್ತಿ ನಂಬಬೇಡಿ. ಈ ಜಾತಿಯ ಚೀನಾ ಮೆಷಿನ್‌ಗಳಲ್ಲಿ 5200 ಎಂದು ಬರುವುದರ ಪಿಸ್ಟನ್ 45 ಮಿ.ಮೀ., 5800 ಎಂದು ಬರುವುದರದು 45.2 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಒಂದೇ ಇದ್ದರೆ ಇವೆರಡಕ್ಕೂ ಇರುವ ವ್ಯತ್ಯಾಸ ಅರ್ಧ ಸಿಸಿ. ಉಳಿದದ್ದು ಸ್ಟಿಕ್ಕರಿನಲ್ಲಿ ಮಾತ್ರ.

ಹಾಗೆಂದು ಅದು ಕೆಲಸಕ್ಕೆ ಬಾರದ ಮೆಷಿನ್ ಅಲ್ಲ. ನೆಲದ ಮೇಲೆ ಬಿದ್ದ ಮರ, ಸೌದೆ, ಬೇಲಿ ಕಂಬ, ಇಷ್ಟಕ್ಕೆ ಚೆನ್ನಾಗಿ ದುಡಿಯುತ್ತದೆ. ಕಾರ್ಬೊರೇಟರ್, ಸ್ಟಾರ್ಟರ್, ಕ್ಲಚ್ ಎಲ್ಲ ಒಂದೇ ನಮೂನೆಯವಾದ್ದರಿಂದ ಯಾವ ಊರಿನ ಯಂತ್ರದಂಗಡಿಯಲ್ಲಾದರೂ ಸಿಗುತ್ತವೆ. ಆದರೆ ಬಾರ್, ಚೈನು ಸೇರಿ ಅದರ ತೂಕ ಏಳು ಕಿಲೋ ಹತ್ತಿರ. ಇಳಿಜಾರಿನಲ್ಲಿ ಕಾಫಿ ಗಿಡಗಳ ನಡುವೆ ದಿನವಿಡೀ ಹಿಡಿದು ಕೊಂಬೆ ಸವರುವ ಕೆಲಸಕ್ಕೆ ಅದು ಹೇಳಿದ್ದಲ್ಲ. ಸ್ಟಿಲ್ ಎಂಎಸ್ 180 ತರಹದ 31.8 ಸಿಸಿ ಮೆಷಿನ್ ಬಾರ್ ಬಿಟ್ಟು ನಾಲ್ಕು ಕಿಲೋ ಆಸುಪಾಸು. ಮಧ್ಯಾಹ್ನ ಮೂರು ಗಂಟೆಗೆ ತೋಳು ಸೋತ ಹೊತ್ತಿನಲ್ಲೇ ಅಪಘಾತಗಳಾಗುವುದು. ತೂಕದ ವ್ಯತ್ಯಾಸದ ಬೆಲೆ ಆಗ ತಿಳಿಯುತ್ತದೆ. ಕೆಲಸ ಹೆಚ್ಚಾಗಿ ಮರಗಸಿಯದೇ ಆದರೆ ಚಿಕ್ಕದನ್ನೇ ಕೊಳ್ಳಿ. ಬಿದ್ದ ಮರದ ಕೆಲಸವೇ ಹೆಚ್ಚು, ಕೈಯಲ್ಲಿ ದುಡ್ಡೂ ಅಷ್ಟೇ ಇದೆ ಎಂದಾದರೆ 58 ತೆಗೆದುಕೊಳ್ಳಿ. ಆದರೆ ಅದರ ಜೊತೆ ಬಂದ 22 ಇಂಚಿನ ಬಾರ್ ಪಕ್ಕಕ್ಕಿಟ್ಟು 18 ಇಂಚು, .325 ಪಿಚ್, .058 ಗೇಜ್, 72 ಲಿಂಕಿನ ಬಾರ್–ಚೈನು ಹಾಕಿ. ಅರ ಹಾಕಬೇಕಾದ ಹಲ್ಲು 43ರಿಂದ 36ಕ್ಕೆ ಇಳಿಯುತ್ತದೆ. ಬಾರ್‌ನ ಮೂತಿ ಕಲ್ಲಿಗೆ, ಕಾಫಿ ಬೊಡ್ಡೆಗೆ ತಗಲುವುದೂ ಕಡಿಮೆಯಾಗುತ್ತದೆ. ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಗಲಿದರೆ ಮೆಷಿನ್ ಮುಖದ ಕಡೆಗೆ ಚಿಮ್ಮುತ್ತದೆ.

ಪೆಟ್ಟಿಗೆಯಿಂದ ತೆಗೆದ ದಿನವೇ ಸ್ಟಾರ್ಟ್ ಮಾಡಬೇಡಿ. ಸೈಲೆನ್ಸರ್ ಬೋಲ್ಟು, ಕಾರ್ಬೊರೇಟರ್ ನಟ್ಟು, ಸಿಲಿಂಡರ್ ಬೋಲ್ಟು ಎಲ್ಲ ಬಿಗಿ ನೋಡಿ. ಅದುರಿಗೆ ಮೊದಲು ಸಡಿಲವಾಗುವುದು ಕಾರ್ಬೊರೇಟರ್ ನಟ್ಟು. ಅಲ್ಲಿಂದ ಗಾಳಿ ಎಳೆದುಕೊಂಡರೆ ಪೆಟ್ರೋಲಿನ ಪ್ರಮಾಣ ತಗ್ಗಿ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಚೈನ್ ಬ್ರೇಕನ್ನು ಕೈಯಿಂದ ಮುಂದಕ್ಕೆ ತಳ್ಳಿ ಚೈನು ಅಲುಗದಂತೆ ನಿಲ್ಲುತ್ತದೆಯೇ ನೋಡಿ. ಆಯಿಲ್ ಪಂಪು ನೋಡಲು ಬಾರ್‌ನ ಮೂತಿಯನ್ನು ಒಣ ಬೊಡ್ಡೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ರೇಸ್ ಮಾಡಿ. ಅರ್ಧ ನಿಮಿಷದೊಳಗೆ ಬೊಡ್ಡೆಯ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಹೊಸ ಚೈನು ಮೊದಲ ಹತ್ತು ನಿಮಿಷದಲ್ಲೇ ಹಿಗ್ಗುತ್ತದೆ, ತಣ್ಣಗಾದ ಮೇಲೆ ಬಿಗಿ ಮಾಡಿ. ಬಿಸಿಯಲ್ಲಿ ಬಿಗಿ ಮಾಡಿ ಹಾಗೇ ಬಿಟ್ಟರೆ ರಾತ್ರಿ ಕುಗ್ಗಿ ಬಾರ್‌ಗೂ ಕ್ರ್ಯಾಂಕ್ ಬೇರಿಂಗಿಗೂ ಎಳೆತ ಬೀಳುತ್ತದೆ.

ಇನ್ನೊಂದು ಮಾತು. 105 ಸಿಸಿಯ ಹಳೇ ಸ್ಟಿಲ್ 070 ಮಾದರಿಯ ನಕಲುಗಳೂ ಮಾರುಕಟ್ಟೆಯಲ್ಲಿವೆ. ಅದು ನಾಟ ಸೀಳುವವರ ಮೆಷಿನ್, ಚೈನ್ ಬ್ರೇಕ್ ಇಲ್ಲ. ತೋಟದ ಮನೆಗೆ ಅದು ಬೇಡವೇ ಬೇಡ.

ಪ್ರಶ್ನೆ: ಏಪ್ರಿಲ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಮೆಷಿನ್ ಮಳೆಗಾಲ ಮುಗಿದ ಮೇಲೆ ಸ್ಟಾರ್ಟ್ ಆಗಿ, ರೇಸ್ ಕೊಟ್ಟ ಕೂಡಲೇ ನಿಂತುಹೋಗುತ್ತದೆ. ಪ್ಲಗ್ ಬದಲಿಸಿ ಆಯಿತು.
– ವಿರಾಜಪೇಟೆಯ ಓದುಗರು

ಉತ್ತರ: ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟೇ ಮೂಲೆಗಿಟ್ಟಿರಬೇಕು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಹವೆಯಲ್ಲಿ ಕೇಳಬೇಕೇ? ಮಿತಿ ಮೀರಿದಾಗ ನೀರು, ಎಥೆನಾಲ್ ಒಂದಾಗಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲಿಗೆ ಕಲಸುವ 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದು ತಳದಲ್ಲಿ. ಹಾಗಾಗಿ ಎಂಜಿನ್‌ಗೆ ಹೋಗುವುದು ಎಣ್ಣೆಯ ಪಸೆಯೇ ಇಲ್ಲದ ನೀರು ಮಿಶ್ರಣ. ಎಳೆದೆಳೆದು ಸ್ಟಾರ್ಟ್ ಮಾಡುತ್ತ ಹೋದರೆ ಪಿಸ್ಟನ್ನೇ ಹೋದೀತು, ಈಗಲೇ ನಿಲ್ಲಿಸಿ.

ಟ್ಯಾಂಕನ್ನು ಗಾಜಿನ ಬಾಟಲಿಗೆ ಬಗ್ಗಿಸಿ. ಎರಡು ಪದರ ಕಂಡರೆ ಕಾರಣ ಸಿಕ್ಕಿತು. ಹೊಸ ಪೆಟ್ರೋಲಿನಿಂದ ಟ್ಯಾಂಕ್ ಕುಲುಕಿ ತೊಳೆಯಿರಿ. ಫಿಲ್ಟರನ್ನು ತಂತಿ ಕೊಕ್ಕೆಯಿಂದ ಎಳೆದು ಬದಲಿಸಿ. ಪೆಟ್ರೋಲ್ ಪೈಪು ಬಗ್ಗಿಸಿದಾಗ ಬಿರುಕು ಕಂಡರೆ ಅದನ್ನೂ ಬದಲಿಸಿ. ಅಗ್ಗದ ಮೆಷಿನ್‌ಗಳಲ್ಲಿ ಮೊದಲು ಸಾಯುವುದು ಈ ಪೈಪೇ. ಆಮೇಲೂ ಹಾಗೇ ಇದ್ದರೆ ಕಾರ್ಬೊರೇಟರಿನ ಡಯಾಫ್ರಮ್ ಗಟ್ಟಿಯಾಗಿದೆ. ಡಯಾಫ್ರಮ್ ಕಿಟ್ ಹಾಕಿಸಿ. ಚೀನಾ ಮೆಷಿನ್ ಆದರೆ ಇಡೀ ಕಾರ್ಬೊರೇಟರ್ ಬದಲಿಸುವುದೇ ಸಲೀಸು.

ಮಿಶ್ರಣದ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಮೆಷಿನ್ ಪುಸ್ತಕದಲ್ಲಿ 25:1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 2ಟಿ ಆಯಿಲ್ 40 ಮಿ.ಲೀ., 50:1 ಎಂದಿದ್ದರೆ 20 ಮಿ.ಲೀ. ಬಾಟಲಿ ಮುಚ್ಚಳದ ಅಂದಾಜು ಬೇಡ, ಔಷಧಿ ಅಂಗಡಿಯ ಸಿರಿಂಜಿನಲ್ಲಿ ಅಳೆಯಿರಿ. ಬೈಕಿನ 4ಟಿ ಆಯಿಲ್ ಹಾಕಲೇಬಾರದು. ಒಳ್ಳೆಯದಾಗಲಿ ಎಂದು ಎಣ್ಣೆ ಹೆಚ್ಚು ಸುರಿಯುವುದೂ ತಪ್ಪು. ಎಣ್ಣೆ ಹೆಚ್ಚಾದಷ್ಟು ಜೆಟ್‌ನಲ್ಲಿ ಹೋಗುವ ಪೆಟ್ರೋಲ್ ಕಡಿಮೆ, ಸೈಲೆನ್ಸರಿನಲ್ಲಿ ಮಸಿ ಹೆಚ್ಚು. ಕಲಸಿದ ಪೆಟ್ರೋಲನ್ನು ತಿಂಗಳೊಳಗೆ ಮುಗಿಸಿ. ಮರಗಸಿ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಮೆಷಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಎತ್ತಿಡಿ.

ಪ್ರಶ್ನೆ: ಚೈನು ನೇರ ಕುಯ್ಯದೆ ಒಂದು ಕಡೆ ವಾಲುತ್ತದೆ, ಹೊಗೆಯೂ ಬರುತ್ತದೆ. ಹೊಸ ಚೈನೇ ತರಬೇಕೇ?
– ಗೋಣಿಕೊಪ್ಪದ ಓದುಗರು

ಉತ್ತರ: ಬೇಕಿಲ್ಲ, ಮೊದಲು ಉದುರಿದ ಪುಡಿಯನ್ನು ಅಂಗೈಗೆ ಹಾಕಿ ನೋಡಿ. ಹರಿತ ಇದ್ದರೆ ಅವಲಕ್ಕಿಯಂಥ ಚಕ್ಕೆ ಬೀಳುತ್ತದೆ. ರಾಗಿ ಹಿಟ್ಟಿನಂತೆ ಬಿದ್ದರೆ ಹಲ್ಲು ಮೊಂಡು. ಒಂದು ಕಡೆ ವಾಲುವುದಕ್ಕೆ ಕಾರಣ ಎಡ ಬಲದ ಹಲ್ಲುಗಳ ಉದ್ದದಲ್ಲಿ ವ್ಯತ್ಯಾಸ. ಬಲಗೈಯವರು ಒಂದು ಬದಿಗೆ ಒತ್ತಿ ಅರ ಹಾಕುತ್ತಾರೆ, ಇನ್ನೊಂದು ಬದಿಗೆ ಸವರಿ ಬಿಡುತ್ತಾರೆ. ಅತಿ ಗಿಡ್ಡ ಹಲ್ಲನ್ನು ಹುಡುಕಿ ಉಳಿದವನ್ನೆಲ್ಲ ಅದರ ಅಳತೆಗೆ ತನ್ನಿ.

.325 ಚೈನಿಗೆ 4.8 ಮಿ.ಮೀ. ದುಂಡು ಅರ, ಸಣ್ಣ ಮೆಷಿನ್‌ನ 3/8 ಪಿಕ್ಕೊ ಚೈನಿಗೆ 4 ಮಿ.ಮೀ. ಬಾರ್‌ಗೆ 30 ಡಿಗ್ರಿ ಓರೆಯಲ್ಲಿ, ಹಲ್ಲಿನ ಒಳಗಿಂದ ಹೊರಕ್ಕೆ ತಳ್ಳಿ. ಹಿಂದಕ್ಕೆಳೆಯುವಾಗ ಅರ ಮೇಲೆತ್ತಿ. ಪ್ರತಿ ಹಲ್ಲಿಗೂ ಒಂದೇ ಎಣಿಕೆ, ಮೂರೆಂದರೆ ಮೂರು. ಪ್ರತಿ ಸಲ ಪೆಟ್ರೋಲ್ ತುಂಬಿಸುವಾಗ ಎರಡೆರಡು ಎಳೆತ ಕೊಟ್ಟರೆ ಮೊಂಡಾಗುವ ಪ್ರಸಂಗವೇ ಬಾರದು. ಐದಾರು ಸಲ ಅರ ಹಾಕಿದ ಮೇಲೆ ಹಲ್ಲಿನ ಮುಂದಿನ ಗುಬುಟನ್ನು ಚಪ್ಪಟೆ ಅರದಿಂದ ತಗ್ಗಿಸಬೇಕು. ಅದು ಹಲ್ಲಿನ ತುದಿಗಿಂತ 0.65 ಮಿ.ಮೀ. ಕೆಳಗಿರಲಿ. ಗೇಜ್ ಪಟ್ಟಿಯಿಟ್ಟೇ ಅಳೆಯಿರಿ. ಹೆಚ್ಚು ತಗ್ಗಿಸಿದರೆ ಚೈನು ಕಚ್ಚಿ ಚಿಮ್ಮುತ್ತದೆ.

ಹಲ್ಲು ಸರಿಯಿದ್ದೂ ವಾಲಿದರೆ ಬಾರ್‌ನ ಅಂಚು ಒಂದು ಬದಿ ಸವೆದಿದೆ. ಬಾರನ್ನು ಗಾಜಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ ನೋಡಿ, ವಾಲಿ ನಿಂತರೆ ಚಪ್ಪಟೆ ಅರದಿಂದ ಸಮ ಮಾಡಿ. ಹಲಸು, ಅತ್ತಿ ಕುಯ್ದ ದಿನ ಹಾಲು ಅಂಟಿ ಚೈನಿನ ಕೀಲು ಹಿಡಿಯುತ್ತದೆ. ಸಂಜೆ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿ ಬ್ರಷ್ಷಿನಿಂದ ಉಜ್ಜಿ. ಗಾಡಿಯಿಂದ ಇಳಿಸಿದ ಕರಿ ಎಣ್ಣೆಯನ್ನು ಬಾರ್‌ಗೆ ಹಾಕಬೇಡಿ. ಅದರಲ್ಲಿರುವ ಲೋಹದ ಪುಡಿ ಪಂಪನ್ನು ತಿನ್ನುತ್ತದೆ, ಎಣ್ಣೆ ಹಾರಿ ಬೀಳುವುದೂ ನಿಮ್ಮ ಮಣ್ಣಿಗೇ.

ಪ್ರಶ್ನೆ: ಮರ ಹತ್ತುವವರಿಗೆ ಕನಿಷ್ಠ ಏನೇನು ಕೊಡಿಸಬೇಕು? ಈಗ ಸೊಂಟಕ್ಕೆ ನೀಲಿ ಪ್ಲಾಸ್ಟಿಕ್ ಹಗ್ಗ ಕಟ್ಟಿಕೊಂಡು ಹತ್ತುತ್ತಾರೆ.
– ನಾಪೋಕ್ಲುವಿನ ಓದುಗರು

ಉತ್ತರ: ನೀವು ಕೇಳಿದ್ದು ತುಂಬ ಒಳ್ಳೆಯದಾಯಿತು. ಮೆಷಿನ್‌ಗಿಂತ ಮೊದಲು ಇದಕ್ಕೇ ದುಡ್ಡು ಹಾಕಿ. ಆ ಹಗ್ಗ ಬಿಸಿಲಿಗೆ ಸೊರಗುತ್ತದೆ, ಗಂಟು ಜಾರುತ್ತದೆ, ಉಜ್ಜಿದ ಬಿಸಿಗೆ ಕರಗುತ್ತದೆ. ಸೊಂಟಕ್ಕೆ ಮಾತ್ರ ಕಟ್ಟಿದವರು ಬಿದ್ದರೆ ಹಗ್ಗ ತಡೆದರೂ ಪಕ್ಕೆ, ಬೆನ್ನು ಮುರಿಯುತ್ತದೆ.

ಐಎಸ್ 3521 ಗುರುತಿರುವ, ತೊಡೆಗೂ ಭುಜಕ್ಕೂ ಪಟ್ಟಿ ಇರುವ ಪೂರ್ತಿ ಹಾರ್ನೆಸ್ ಕೊಡಿಸಿ. ಸೊಂಟದ ಎರಡೂ ಬದಿ ಬಳೆ ಇರುವುದನ್ನೇ ಆರಿಸಿ, ಕೆಲಸ ಮಾಡುವಾಗ ಮರಕ್ಕೆ ಒರಗಿ ನಿಲ್ಲಲು ಅದು ಬೇಕು. ಮರಕ್ಕೆ ಸುತ್ತುವ ಪಟ್ಟಿ ಎರಡಿರಲಿ, ಕೊಂಬೆ ದಾಟುವಾಗ ಒಂದನ್ನು ಬಿಚ್ಚುವ ಮೊದಲು ಇನ್ನೊಂದು ಹಾಕಿರಬೇಕು. ಅದರಲ್ಲಿ ಒಂದಾದರೂ ಒಳಗೆ ಉಕ್ಕಿನ ತಂತಿ ಇರುವುದಾಗಿರಲಿ, ಗರಗಸ ತಗಲಿದರೂ ತಕ್ಷಣ ತುಂಡಾಗದು. ಹಗ್ಗ 11ರಿಂದ 13 ಮಿ.ಮೀ.ನ, ಮೇಲೆ ನೇಯ್ಗೆಯ ಹೊದಿಕೆ ಇರುವ ನೈಲಾನ್. ಅದರಿಂದ ನಾಟ ಎಳೆಯಬಾರದು. ಒಮ್ಮೆ ಎಳೆದರೆ ಅದು ನಾಟದ ಹಗ್ಗವೇ ಆಯಿತು, ಮನುಷ್ಯನಿಗೆ ಬೇಡ. ಕೆಳಗೆ ಎರಡನೆಯವರು ಇನ್ನೊಂದು ಹಗ್ಗ ಹಿಡಿದು ಸಿದ್ಧವಿರಲೇಬೇಕು. ಹಾರ್ನೆಸ್‌ನಲ್ಲಿ ಅಲುಗದೆ ನೇತಾಡುತ್ತ ಉಳಿದರೆ ಕಾಲಿನಿಂದ ರಕ್ತ ಮೇಲೇರದೆ ಪ್ರಾಣಕ್ಕೇ ಅಪಾಯ.

ಮೇಲೆ ಕುಯ್ಯಲು 300ರಿಂದ 350 ಮಿ.ಮೀ. ಬಾಗಿದ ಕೈಗರಗಸ ಸಾಕು, ಎಳೆದಾಗ ಕುಯ್ಯುವ ನಮೂನೆಯದು. ಏಣಿಯ ಮೇಲೆ ನಿಂತು ಚೈನ್‌ಸಾ ಹಿಡಿಯುವುದನ್ನು ಯಾರಿಗೂ ಬಿಡಬೇಡಿ. ಕೊಂಬೆಯನ್ನು ಮೂರು ಸಲದಲ್ಲಿ ತೆಗೆಯಿರಿ. ಕಾಂಡದಿಂದ ಒಂದು ಅಡಿ ದೂರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗ ಕುಯ್ಯಿರಿ. ಅದಕ್ಕಿಂತ ಎರಡು ಇಂಚು ಆಚೆ ಮೇಲಿನಿಂದ ಕುಯ್ದು ಬೀಳಿಸಿ. ಉಳಿದ ಮೋಟನ್ನು ಬುಡದ ಉಬ್ಬಿಗೆ ತಾಗದಂತೆ ತೆಗೆಯಿರಿ. ಒಂದೇ ಸಲ ಕುಯ್ದರೆ ತೊಗಟೆ ಸೀಳಿ ಕಾಂಡದುದ್ದ ಇಳಿಯುತ್ತದೆ, ಜೊತೆಗೆ ಕಾಳುಮೆಣಸಿನ ಬಳ್ಳಿಯನ್ನೂ ಕಿತ್ತು ತರುತ್ತದೆ.

ಅಲ್ಯೂಮಿನಿಯಂ ಏಣಿ ಹಗುರ ನಿಜ, ಆದರೆ ತಂತಿಗೆ ತಗಲಿದರೆ ಜೀವ ಉಳಿಯದು. ಒದ್ದೆ ಬಿದಿರಿನ ಏಣಿಯೂ ಕರೆಂಟ್ ಹರಿಸುತ್ತದೆ. ಏಣಿ ಅಥವಾ ಕೊಂಬೆ ವಾಲಿದರೆ ತಂತಿ ಮುಟ್ಟುವಂತಿದ್ದರೆ ವಿದ್ಯುತ್ ಕಂಪನಿ ಚೆಸ್ಕಾಂಗೆ ತಿಳಿಸಿ, ಲೈನ್ ಆಫ್ ಆದದ್ದು ಖಚಿತವಾದ ಮೇಲೆಯೇ ಹತ್ತಿಸಿ.

ಪ್ರಶ್ನೆ: 88 ವೋಲ್ಟ್ ಎಂದು ಮಾರುವ ಕೈಯಗಲದ ಬ್ಯಾಟರಿ ಗರಗಸ ಕಾಫಿ ಕಪಾತಿಗೆ (ಗಿಡ ಸವರುವುದಕ್ಕೆ) ಆದೀತೇ?
– ಸುಂಟಿಕೊಪ್ಪದ ಓದುಗರು

ಉತ್ತರ: ಆದೀತು, ಆದರೆ 88 ಎನ್ನುವುದು ಸುಳ್ಳು. ಒಳಗೆ ಐದು ಸೆಲ್ ಸಾಲಾಗಿದ್ದರೆ ಪೂರ್ತಿ ಚಾರ್ಜ್‌ನಲ್ಲೂ 21 ವೋಲ್ಟ್ ಮಾತ್ರ. ಆರು ಇಂಚು ಬಾರ್‌ನದು ಕಾಫಿ ಕಾಂಡಕ್ಕೆ, ಮೂರು ನಾಲ್ಕು ಇಂಚು ಕೊಂಬೆಗೆ ಸಾಕು. ಹತ್ತು ಸೆಲ್‌ನ ಬ್ಯಾಟರಿ ಎರಡು ತೆಗೆದುಕೊಳ್ಳಿ, ಒಂದು ಚಾರ್ಜ್ ಆಗುವಷ್ಟರಲ್ಲಿ ಇನ್ನೊಂದು ಓಡಲಿ. ಹಲವದರಲ್ಲಿ ಆಯಿಲ್ ಪಂಪು ಇರುವುದಿಲ್ಲ, ಹತ್ತು ನಿಮಿಷಕ್ಕೊಮ್ಮೆ ಚೈನಿಗೆ ನಾಲ್ಕು ಹನಿ ಬಿಡಿ. ಕೊಂಬೆಯನ್ನು ಎಡಗೈಯಲ್ಲಿ ಹಿಡಿದು ಕುಯ್ಯುವ ಅಭ್ಯಾಸ ಇದರಲ್ಲಿ ಬೇಗ ಬರುತ್ತದೆ, ಬೆರಳು ಹೋಗುವುದೂ ಹಾಗೆಯೇ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಮೆಷಿನ್ ನೋಡುವಾಗ ಏನು ಪರೀಕ್ಷಿಸಬೇಕು?
– ಕುಶಾಲನಗರದ ಓದುಗರು

ಉತ್ತರ: ಎಂಜಿನ್ ತಣ್ಣಗಿರುವಾಗ, ಸ್ವಿಚ್ ಆಫ್ ಮಾಡಿ, ಸ್ಟಾರ್ಟರ್ ಹಿಡಿ ಹಿಡಿದು ಮೆಷಿನನ್ನು ತೂಗುಬಿಡಿ. ತಡೆದು ತಡೆದು ಇಳಿದರೆ ಕಂಪ್ರೆಶನ್ ಇದೆ, ಸರ್ರನೆ ಇಳಿದರೆ ಹೋಗಿದೆ. ಸ್ಪ್ರಿಂಗ್ ಇರುವ ಸುಲಭ ಸ್ಟಾರ್ಟರ್ ಆದರೆ ಈ ಪರೀಕ್ಷೆ ನಡೆಯುವುದಿಲ್ಲ. ಆಮೇಲೆ ಸೈಲೆನ್ಸರಿನ ಬೋಲ್ಟು ಬಿಚ್ಚಿ, ಕಿಂಡಿಯೊಳಗೆ ಟಾರ್ಚ್ ಹಾಕಿ ಪಿಸ್ಟನ್ ನೋಡಿ. ನುಣುಪಾಗಿ ಹೊಳೆಯಬೇಕು. ಉದ್ದುದ್ದ ಗೀಚು ಗೆರೆ ಕಂಡರೆ ಅದು ಒಮ್ಮೆ ಎಣ್ಣೆಯಿಲ್ಲದೆ ಓಡಿದ ಮೆಷಿನ್, ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಡಿ. ಮಾರುವವರು ಸೈಲೆನ್ಸರ್ ಬಿಚ್ಚಲು ಒಪ್ಪದಿದ್ದರೂ ಅಷ್ಟೇ.