ನ್ಯೂಕ್ಲಿಯಸ್‌ಗೆ ಪ್ರೋಟೀನ್ ಸಾಗುವ ಪಾಠದಲ್ಲಿ ಬರೋ ಪ್ರೋಟೀನುಗಳು ಇಂಪೋರ್ಟಿನ್, ರ್‍ಯಾನ್, ಆರ್‌ಸಿಸಿ1: ಈ ಹೆಸರುಗಳನ್ನು ನೆನಪಿಡೋಕೆ ಏನಾದ್ರೂ ಟ್ರಿಕ್ ಇದೆಯಾ?

ಟ್ರಿಕ್ ಬೇಡ ಮಾರಾಯ್ರೆ. ಅದನ್ನು ನಂಬಿಯೇ ನಾನು ಕೆಟ್ಟವನು. ಎಂಎಸ್ಸಿ ಮುಗಿಸಿ ದಾವಣಗೆರೆ ವಿದ್ಯಾನಗರದ ರೂಮಿನಲ್ಲಿ ಪಿಎಚ್‌ಡಿ ಇಂಟರ್‌ವ್ಯೂಗೆ ಓದುವಾಗ ಗೋಡೆ ತುಂಬಾ ಚಾರ್ಟ್ ಅಂಟಿಸಿದ್ದೆ. ಹೆಸರೆಲ್ಲ ನಿದ್ದೆಗಣ್ಣಲ್ಲೂ ಬರುತ್ತಿದ್ದವು.

ಇಂಟರ್‌ವ್ಯೂನಲ್ಲಿ ನ್ಯೂಕ್ಲಿಯಸ್‌ಗೆ ಪ್ರೋಟೀನ್ ಹೇಗೆ ಹೋಗುತ್ತೆ, ಬೋರ್ಡ್ ಮೇಲೆ ಬರೀರಿ ಅಂದರು. ಶುರು ಚೆನ್ನಾಗೇ ಆಯ್ತು. ಎಸ್‌ವಿ40 ವೈರಸ್ಸಿನ ಟಿ ಆಂಟಿಜನ್ ಎಂಬ ಪ್ರೋಟೀನಿನಲ್ಲಿರುವ, ಲೈಸಿನ್ ತುಂಬಿದ 7 ಅಮೈನೋ ಆಮ್ಲಗಳ ಸಿಗ್ನಲ್ ಬರೆದೆ, ಅಂದರೆ ನ್ಯೂಕ್ಲಿಯಸ್‌ಗೆ ಹೋಗಬೇಕು ಅನ್ನುವ ವಿಳಾಸಚೀಟಿ. ಅದನ್ನು ಇಂಪೋರ್ಟಿನ್ ಆಲ್ಫಾ ಹಿಡಿಯುತ್ತದೆ, ಆಲ್ಫಾವನ್ನು ಬೀಟಾ ಹಿಡಿಯುತ್ತದೆ, ಬೀಟಾ ನ್ಯೂಕ್ಲಿಯಸ್ ಪೊರೆಯ ರಂಧ್ರದೊಳಗಿನ ಎಫ್‌ಜಿ ಎಂಬ ಪ್ರೋಟೀನ್ ಎಳೆಗಳಿಗೆ ತಾಗುತ್ತಾ ದಾಟಿಸುತ್ತದೆ. ಆಮೇಲೆ, ಶಕ್ತಿ ಬೇಕಲ್ಲ ಅಂತ, ಜಿಟಿಪಿ ಎಂಬ ಶಕ್ತಿಯ ಅಣು ಹಿಡಿದ ರ್‍ಯಾನ್ ಪ್ರೋಟೀನನ್ನು, ಅಂದರೆ ರ್‍ಯಾನ್-ಜಿಟಿಪಿಯನ್ನು ಸೈಟೋಪ್ಲಾಸಂ ಕಡೆ, ಅಂದರೆ ನ್ಯೂಕ್ಲಿಯಸ್ಸಿನ ಹೊರಗೆ, ಬರೆದುಬಿಟ್ಟೆ.

ಎದುರಿಗಿದ್ದ ಮೇಡಂ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಒಳಗೆ ಸರಕು ಬಿಡಿಸೋರು ಯಾರಪ್ಪಾ?" ಬಾಯಿ ಕಟ್ಟಿತು. ಸೀಟು ಹೋಯ್ತು.

ರ್‍ಯಾನ್-ಜಿಟಿಪಿಯ ಕೆಲಸ ಒಳಗೆ ತಳ್ಳುವುದಲ್ಲ, ಬಿಡಿಸುವುದು. ಅದು ಬೀಟಾಗೆ ಅಂಟಿದರೆ ಸರಕು ಕಳಚುತ್ತದೆ. ನಮ್ಮ ಎಪಿಎಂಸಿಯಲ್ಲಿ ಹಮಾಲಿಯ ಬೆನ್ನ ಮೇಲಿನ ಮೆಕ್ಕೆಜೋಳದ ಚೀಲ ಗೋದಾಮಿನೊಳಗೆ ಇಳಿಯಬೇಕು. ನಾನೋ, ಇಳಿಸುವವನನ್ನು ಲಾರಿ ಹತ್ತಿರವೇ ನಿಲ್ಲಿಸಿದ್ದೆ. ಚೀಲ ಬಾಗಿಲು ದಾಟೋದು ಹೇಗೆ?

ರ್‍ಯಾನ್‌ಗೆ ಜಿಟಿಪಿ ಹತ್ತಿಸುವ ಆರ್‌ಸಿಸಿ1 ಕ್ರೋಮ್ಯಾಟಿನ್‌ಗೆ (ಡಿಎನ್‌ಎ ಸುತ್ತಿಕೊಂಡ ಎಳೆಗೆ) ಅಂಟಿಕೊಂಡಿರುತ್ತದೆ, ಅಂದರೆ ಒಳಗೆ. ಜಿಟಿಪಿ ಒಡೆಸುವ ರ್‍ಯಾನ್‌ಗ್ಯಾಪ್ ಹೊರಗೆ. ಹಾಗಾಗಿ ಒಳಗೆ ರ್‍ಯಾನ್-ಜಿಟಿಪಿ ಜಾಸ್ತಿ, ಹೊರಗೆ ತೀರಾ ಕಮ್ಮಿ. ದಿಕ್ಕು ಹುಟ್ಟುವುದೇ ಇದರಿಂದ. ರಂಧ್ರ ದಾಟುವಾಗ ಜಿಟಿಪಿ ಒಡೆಯುವುದಿಲ್ಲ. ಇಂಪೋರ್ಟಿನ್ ಜೊತೆ ರ್‍ಯಾನ್ ಹೊರಗೆ ಬಂದ ಮೇಲೆ ಒಡೆಯುತ್ತದೆ. ಇಷ್ಟು ಗೊತ್ತಿದ್ದಿದ್ರೆ ಹೆಸರು ಮರೆತಿದ್ದರೂ ನಡೀತಿತ್ತು.

ಕೋಚಿಂಗ್‌ಗೆ ಬೆಂಗಳೂರಿಗೆ ಹೋಗ್ಲಾ, ದಾವಣಗೆರೆಯಲ್ಲೇ ಓದ್ಲಾ ಅಂತಲೂ ಕೇಳಿದ್ದೀರಿ. ಈ ಪಾಠಕ್ಕಂತೂ ಬಸ್ ಚಾರ್ಜು ದಂಡ. ಖಾಲಿ ಹಾಳೆ ಮಧ್ಯೆ ಗೆರೆ ಎಳೆಯಿರಿ, ಅದೇ ನ್ಯೂಕ್ಲಿಯಸ್ಸಿನ ಪೊರೆ. ಮೊದಲು ಆರ್‌ಸಿಸಿ1 ಒಳಗೆ, ಗ್ಯಾಪ್ ಹೊರಗೆ. ಸರಕನ್ನು ಕೊನೆಗೆ ಬರೆಯಿರಿ. ಆಮೇಲೆ ನಿಮಗೆ ನೀವೇ ಕೊಂಕು ಪ್ರಶ್ನೆ ಹಾಕಿಕೊಳ್ಳಿ. ಸುಮಾರು 40 ಕಿಲೋಡಾಲ್ಟನ್‌ಗಿಂತ ಚಿಕ್ಕ ಪ್ರೋಟೀನುಗಳು ಸಿಗ್ನಲ್ ಇಲ್ಲದೆಯೂ ನುಸುಳಬಲ್ಲವು, ಹಾಗಾದರೆ ಡಿಎನ್‌ಎ ಸುತ್ತಿಕೊಳ್ಳುವ ಚಿಕ್ಕ ಪ್ರೋಟೀನು ಹಿಸ್ಟೋನ್‌ಗೆ ಇಂಪೋರ್ಟಿನ್ ಯಾಕೆ ಬೇಕು? ಮೈಟೊಕಾಂಡ್ರಿಯಾಗೆ ಹೋಗುವ ಎಷ್ಟೋ ಪ್ರೋಟೀನುಗಳ ಸಿಗ್ನಲ್ ಕತ್ತರಿಸಿ ಹೋಗುತ್ತದೆ, ಇಲ್ಲಿ ಯಾಕೆ ಉಳಿಯುತ್ತದೆ? ಎರಡನೆಯದಕ್ಕೆ ಸುಳಿವು ಕೊಡ್ತೀನಿ: ನಮ್ಮ ಜೀವಕೋಶ ಎರಡಾಗುವಾಗ ನ್ಯೂಕ್ಲಿಯಸ್ಸಿನ ಪೊರೆ ಏನಾಗುತ್ತೆ ನೋಡಿ.