ಹೆರಿಗೆಯ ನಂತರ ಜೋತುಬಿದ್ದ ಹೊಟ್ಟೆ: ಮೊದಲು ಒಳಗೇನಾಗಿದೆ ನೋಡೋಣ

ಪ್ರಶ್ನೆ: ನನಗೆ 33 ವರ್ಷ. ಊರು ಶಹಾಪುರ. ಎರಡು ಮಕ್ಕಳು, ಎರಡೂ ಸಿಜೇರಿಯನ್. ಚಿಕ್ಕವನಿಗೆ ಈಗ ನಾಲ್ಕು ವರ್ಷ. ಅವನು ಹುಟ್ಟಿದಾಗಲೇ ಮಕ್ಕಳಾಗದ ಆಪರೇಷನ್ ಕೂಡ ಮಾಡಿಸಿಕೊಂಡೆ. ನನ್ನ ಎತ್ತರ 155 ಸೆಂ.ಮೀ., ತೂಕ 62 ಕೆ.ಜಿ. ಹೊಟ್ಟೆ ಹೊಲಿಗೆಯ ಗುರುತಿನ ಮೇಲೆ ಮಡಚಿಕೊಂಡು ಜೋತುಬಿದ್ದಿದೆ. ಬೇಸಿಗೆಯಲ್ಲಿ ಆ ಮಡಿಕೆಯಲ್ಲಿ ಬೆವರು ನಿಂತು ಹುಣ್ಣಾಗುತ್ತದೆ. ಮೊನ್ನೆ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಅಜ್ಜಿ ಎದ್ದು ಸೀಟು ಕೊಟ್ಟು, ‘ಎಷ್ಟ್ ತಿಂಗಳವ್ವಾ?’ ಎಂದು ಕೇಳಿದರು. ಮನೆ ಸೇರುವವರೆಗೂ ಅಳು ತಡೆದುಕೊಂಡೆ. ಮಕ್ಕಳಾಗದ ಆಪರೇಷನ್ ಮಾಡಿಸಿದ್ದಕ್ಕೇ ಹೊಟ್ಟೆ ಬಂತು ಎನ್ನುತ್ತಾರೆ ನಮ್ಮತ್ತೆ. ಪರಿಚಯದವರೊಬ್ಬರು, ಹೈದರಾಬಾದಿನಲ್ಲಿ ಮೆಷಿನ್ ಹಾಕಿ ಒಂದೇ ದಿನದಲ್ಲಿ ಕೊಬ್ಬು ಎಳೆದು ತೆಗೆಯುತ್ತಾರೆ ಎಂದರು. ಹೋಗಲಾ ಮೇಡಂ?

ಉತ್ತರ: ಈಗಲೇ ಹೋಗಬೇಡಿ, ತಂಗಿ. ಹೋಗಲೇಬಾರದು ಅಂತಲ್ಲ. ಆ ಮೆಷಿನ್ನು ನಿಮ್ಮ ತೊಂದರೆಗೆ ಮದ್ದಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಮೊದಲು ನಿಮ್ಮ ಅತ್ತೆಯವರ ಮಾತು. ನಮ್ಮ ಭಾಗದಲ್ಲಿ ಈ ಮಾತನ್ನು ಬಹಳ ಮಂದಿ ನಂಬುತ್ತಾರೆ. ಆದರೆ ಆ ಆಪರೇಷನ್ನಿನಲ್ಲಿ ಗರ್ಭಕೋಶದ ಎರಡು ನಾಳಗಳನ್ನು ಮಾತ್ರ ಮುಚ್ಚುತ್ತಾರೆ. ಹಾರ್ಮೋನು ಬರುವುದು ಅಂಡಾಶಯದಿಂದ, ಅದನ್ನು ಮುಟ್ಟುವುದೇ ಇಲ್ಲ. ಅದರಿಂದ ಕೊಬ್ಬೂ ಸೇರುವುದಿಲ್ಲ, ಹೊಟ್ಟೆಯೂ ಜೋಲುವುದಿಲ್ಲ. ಸಾಮಾನ್ಯವಾಗಿ ಕೊನೆಯ ಹೆರಿಗೆಯ ಜೊತೆಗೇ ಅದನ್ನು ಮಾಡಿಸುವುದರಿಂದ, ಬಸಿರು ಮಾಡಿದ ಕೆಲಸದ ಆಪಾದನೆ ಅದರ ಮೇಲೆ ಬೀಳುತ್ತದೆ. ಇದನ್ನು ಅತ್ತೆಯವರಿಗೆ ಸಮಾಧಾನವಾಗಿ ತಿಳಿಸಿ ಹೇಳಿ. ನಾಳೆ ಇನ್ನೊಬ್ಬ ಸೊಸೆ ಇದೇ ಹೆದರಿಕೆಯಿಂದ ಆಪರೇಷನ್ ಬೇಡ ಎನ್ನಬಾರದು ಅಲ್ವಾ?

ಹೊಟ್ಟೆ ಮುಂದೆ ಬರಲು ಮುಖ್ಯವಾಗಿ ನಾಲ್ಕು ಕಾರಣಗಳಿರುತ್ತವೆ. ಚರ್ಮ ಹಿಗ್ಗಿ ಸಡಿಲವಾಗಿರುವುದು ಒಂದು. ಚರ್ಮದ ಕೆಳಗೆ ಕೊಬ್ಬು ಸೇರಿರುವುದು ಇನ್ನೊಂದು. ಮೂರನೆಯದು, ಹೊಟ್ಟೆಯ ನಡುವೆ ಮೇಲಿಂದ ಕೆಳಗೆ ಇಳಿಯುವ ಎರಡು ಪಟ್ಟಿ ಸ್ನಾಯುಗಳು ದೂರ ಸರಿದಿರುವುದು. ಅವೆರಡನ್ನೂ ಹಿಡಿದಿಡುವ ನಡುವಿನ ಪಟ್ಟಿ ಬಸಿರಿನಲ್ಲಿ ಹಿಗ್ಗುತ್ತದೆ. ಹಳೇ ಲಂಗದ ಇಲಾಸ್ಟಿಕ್ ಹಿಗ್ಗಿಹೋದಂತೆ ಕೆಲವರಲ್ಲಿ ಅದು ಹಾಗೇ ಉಳಿದುಬಿಡುತ್ತದೆ. ನಾಲ್ಕನೆಯದು ಹರ್ನಿಯಾ. ಹೊಕ್ಕುಳಿನಲ್ಲೋ ಹಳೇ ಹೊಲಿಗೆಯಲ್ಲೋ ಒಂದು ತೂತಾಗಿ ಒಳಗಿನದು ಹೊರಗೆ ಉಬ್ಬುವುದು. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ ಥರ ಕಾಣಬಹುದು. ಚಿಕಿತ್ಸೆ ಮಾತ್ರ ಬೇರೆ ಬೇರೆ.

ಸ್ನಾಯು ದೂರ ಸರಿದಿದೆಯಾ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಅಂಗಾತ ಮಲಗಿ, ಮೊಣಕಾಲು ಮಡಚಿ. ಹೊಕ್ಕುಳಿನ ಸ್ವಲ್ಪ ಮೇಲೆ, ನಟ್ಟನಡುವೆ, ಬೆರಳುಗಳ ತುದಿಯನ್ನು ಪಕ್ಕಪಕ್ಕಕ್ಕೆ ಊರಿ. ಈಗ ತಲೆ ಮತ್ತು ಹೆಗಲನ್ನು ಸ್ವಲ್ಪವೇ ಮೇಲೆತ್ತಿ. ಎರಡೂ ಕಡೆ ಹಗ್ಗದಂತೆ ಗಟ್ಟಿಯಾದದ್ದು ಕೈಗೆ ಸಿಗುತ್ತದೆ. ನಡುವಿನ ಸಂದಿನಲ್ಲಿ ಎರಡು ಬೆರಳಿಗಿಂತ ಜಾಸ್ತಿ ಇಳಿದರೆ ಸ್ನಾಯು ಸರಿದಿದೆ ಎಂದು ತಿಳಿಯಿರಿ. ಆಮೇಲೆ ಎದ್ದು ನಿಂತು ಕೆಮ್ಮಿ. ಹೊಕ್ಕುಳಿನಲ್ಲೋ ಹೊಲಿಗೆಯ ಮೇಲೋ ಗಂಟು ಉಬ್ಬಿದರೆ ತಡ ಮಾಡದೆ ಸರ್ಜನ್ ಹತ್ತಿರ ಹೋಗಿ. ಆ ಗಂಟು ಗಟ್ಟಿಯಾಗಿ, ಒಳಗೆ ಹೋಗದೆ, ನೋವು ವಾಂತಿ ಶುರುವಾದರೆ ಅದು ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾದ ವಿಷಯ.

ಈ ಪರೀಕ್ಷೆಗೆ ಹೈದರಾಬಾದ್ ಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಾದ ಯಾದಗಿರಿಯ ಯಿಮ್ಸ್ ಅಥವಾ ಕಲಬುರಗಿಯ ಜಿಮ್ಸ್‌ನ ಸರ್ಜರಿ ವಿಭಾಗದಲ್ಲಿ ತೋರಿಸಿ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರೆ ಸಾಕು. ಹಣದ ಲೆಕ್ಕದಲ್ಲೂ ಇದು ಮುಖ್ಯ. ಹರ್ನಿಯಾ ಇದ್ದರೆ ಅದು ಕಾಯಿಲೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ, ವಿಮೆಯೂ ಸಾಮಾನ್ಯವಾಗಿ ಅನ್ವಯಿಸುತ್ತದೆ. ಬರೀ ಚರ್ಮ ಸಡಿಲವಾಗಿದ್ದರೆ ಅದನ್ನು ಸೌಂದರ್ಯದ ಸರ್ಜರಿ ಎನ್ನುತ್ತಾರೆ. ವಿಮೆ ಕೊಡುವುದಿಲ್ಲ, ಪೂರ್ತಿ ಖರ್ಚು ನಿಮ್ಮ ಕೈಯಿಂದಲೇ. ಅದು ಲಕ್ಷದ ಲೆಕ್ಕದಲ್ಲಿರುತ್ತದೆ, ಮೇಲೆ ಜಿಎಸ್‌ಟಿ. ಸಾಲ ಮಾಡಿ ಮಾಡಿಸುವ ಆಪರೇಷನ್ ಇದಲ್ಲ.

ಈಗ ಆ ಮೆಷಿನ್ ವಿಷಯ. ಅದರ ಹೆಸರು ಲೈಪೊಸಕ್ಷನ್. ಸಣ್ಣ ತೂತಿನಿಂದ ಕೊಳವೆ ತೂರಿಸಿ ಚರ್ಮದ ಕೆಳಗಿನ ಕೊಬ್ಬನ್ನು ಎಳೆಯುತ್ತಾರೆ. ಚರ್ಮ ಬಿಗಿಯಾಗಿದ್ದು ಅಲ್ಲಲ್ಲಿ ಕೊಬ್ಬು ಕೂತಿರುವವರಿಗೆ ಅದು ಒಳ್ಳೆಯದು. ನಿಮ್ಮದು ಜೋತುಬಿದ್ದ ಚರ್ಮ. ಜೋಳ ಖಾಲಿ ಮಾಡಿದ ಚೀಲ ಹೇಗೆ ಇನ್ನಷ್ಟು ಸುಕ್ಕಾಗುತ್ತದೋ ಹಾಗಾಗುತ್ತದೆ. ಸರಿದ ಸ್ನಾಯುವನ್ನು ಅದು ಕೂಡಿಸುವುದಿಲ್ಲ, ಕರುಳಿನ ಸುತ್ತ ಇರುವ ಕೊಬ್ಬನ್ನೂ ಮುಟ್ಟುವುದಿಲ್ಲ. ‘ಒಂದೇ ದಿನ’ ಎಂದ ಮಾತ್ರಕ್ಕೆ ಹಗುರ ಎಂದುಕೊಳ್ಳಬೇಡಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಸರ್ಜರಿಯ ನಂತರ ತೀರಿಕೊಂಡರು. ಆ ಸುದ್ದಿ ನಿಮಗೂ ನೆನಪಿರಬಹುದು. 21 ವರ್ಷದ ಹುಡುಗಿ. ನನಗೆ ಅದು ಇವತ್ತಿಗೂ ಮರೆತಿಲ್ಲ.

ನಿಮ್ಮಂಥವರಿಗೆ ಹೊಂದುವುದು ಅಬ್ಡಾಮಿನೋಪ್ಲಾಸ್ಟಿ, ಜನ ಟಮ್ಮಿ ಟಕ್ ಎನ್ನುವುದು. ಲಂಗದ ಲಾಡಿ ಕಟ್ಟುವ ಜಾಗಕ್ಕಿಂತ ಕೆಳಗೆ, ಸೊಂಟದ ಈ ತುದಿಯಿಂದ ಆ ತುದಿಯವರೆಗೆ ಕೊಯ್ಯುತ್ತಾರೆ. ಚರ್ಮ ಮತ್ತು ಕೊಬ್ಬನ್ನು ಪಕ್ಕೆಲುಬಿನ ತನಕ ಬಿಡಿಸಿ, ಸರಿದ ಸ್ನಾಯುಗಳನ್ನು ನಡುವೆ ಹೊಲಿದು ಕೂಡಿಸುತ್ತಾರೆ. ಆಮೇಲೆ ಚರ್ಮವನ್ನು ಕೆಳಗೆಳೆದು, ಉಳಿದದ್ದನ್ನು ಕತ್ತರಿಸಿ ಹೊಲಿಯುತ್ತಾರೆ. ಹೊಕ್ಕುಳು ಇದ್ದಲ್ಲೇ ಇರುತ್ತದೆ, ಅದಕ್ಕೆ ಮೇಲಿನ ಚರ್ಮದಲ್ಲಿ ಹೊಸ ಕಿಂಡಿ ಮಾಡುತ್ತಾರೆ. ನಿಮ್ಮ ಸಿಜೇರಿಯನ್ ಗುರುತೂ ಕತ್ತರಿಸಿದ ಚರ್ಮದ ಜೊತೆಗೇ ಹೋಗುವ ಸಾಧ್ಯತೆ ಹೆಚ್ಚು. ಹೊಕ್ಕುಳಿನ ಕೆಳಗಿನ ಬಸಿರಿನ ಗೆರೆಗಳೂ ಬಹುಪಾಲು ಹೋಗುತ್ತವೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವ, ಎರಡರಿಂದ ನಾಲ್ಕು ಗಂಟೆಯ ದೊಡ್ಡ ಆಪರೇಷನ್ ಇದು. ಮಿನಿ ಟಮ್ಮಿ ಟಕ್ ಅಂತಲೂ ಇದೆ. ಹೊಕ್ಕುಳಿನ ಕೆಳಗೆ ಮಾತ್ರ ಸ್ವಲ್ಪ ಸಡಿಲ ಇರುವವರಿಗೆ ಅದು. ನಿಮಗೆ ಸಾಲುವುದಿಲ್ಲ ಅನಿಸುತ್ತದೆ.

ತೊಂದರೆಗಳನ್ನೂ ಹೇಳಲೇಬೇಕು. ಉದ್ದನೆಯ ಗುರುತು ಜೀವನಪೂರ್ತಿ ಇರುತ್ತದೆ, ಬಟ್ಟೆಯೊಳಗೆ ಮರೆಯಾಗುತ್ತದೆ ಅಷ್ಟೇ. ಹೊಕ್ಕುಳಿನ ಕೆಳಗೆ ತಿಂಗಳುಗಟ್ಟಲೆ ಸ್ಪರ್ಶ ತಿಳಿಯುವುದಿಲ್ಲ, ಕೆಲವರಿಗೆ ಅದು ಪೂರ್ತಿ ಮರಳುವುದೇ ಇಲ್ಲ. ಚರ್ಮದ ಕೆಳಗೆ ನೀರು ತುಂಬಬಹುದು, ಕೀವಾಗಬಹುದು, ಚರ್ಮದ ಅಂಚು ಕಪ್ಪಾಗಿ ಸಾಯಬಹುದು. ಎಲ್ಲಕ್ಕಿಂತ ಅಪಾಯದ್ದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು. ಅಪರೂಪ, ಆದರೆ ಆಗುತ್ತದೆ.

ಹಾಗಾಗಿ ನನ್ನ ಸಲಹೆ ಹೀಗಿದೆ. ಈಗಿನಿಂದ ಆರು ತಿಂಗಳು ತಯಾರಿ ಮಾಡಿಕೊಳ್ಳಿ. ನಾಲ್ಕೈದು ಕೆ.ಜಿ. ಇಳಿಸಿ, ಆ ತೂಕ ನಿಲ್ಲುವಂತೆ ನೋಡಿಕೊಳ್ಳಿ. ಸರ್ಜರಿ ಆದ ಮೇಲೆ ತೂಕ ಇಳಿದರೆ ಚರ್ಮ ಮತ್ತೆ ಸಡಿಲವಾಗುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ ಬಿಡಬೇಕಾಗಿಲ್ಲ. ಸಂಜೆಯ ಮಿರ್ಚಿ ಭಜಿ, ಸಕ್ಕರೆ ಚಹಾ ಕಡಿಮೆ ಮಾಡಿ. ದಿನಾ ನಡೆಯಿರಿ. ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ, ಉಸಿರು ಬಿಡುತ್ತಾ ಹೊಟ್ಟೆಯನ್ನು ಬೆನ್ನಿನ ಕಡೆಗೆ ಎಳೆದುಕೊಳ್ಳುವಂಥ ವ್ಯಾಯಾಮ ಕಲಿಯಿರಿ. ಮಲಗಿ ಎದ್ದು ಕೂರುವ ಸಿಟ್‌ಅಪ್ ಸದ್ಯಕ್ಕೆ ಬೇಡ, ನಡುವೆ ಇನ್ನಷ್ಟು ಉಬ್ಬುತ್ತದೆ. ನಾಲ್ಕು ವರ್ಷದ ಮೇಲೆ ಸ್ನಾಯುಗಳ ಅಂತರ ವ್ಯಾಯಾಮದಿಂದ ಪೂರ್ತಿ ಮುಚ್ಚುವುದು ಕಷ್ಟ. ಆದರೆ ಬೆನ್ನುನೋವು ಇಳಿಯುತ್ತದೆ, ನಡುವಿಗೆ ಬಲ ಬರುತ್ತದೆ. ಅಷ್ಟಕ್ಕೇ ಸಮಾಧಾನವಾಗಿ ಸರ್ಜರಿ ಬಿಟ್ಟವರನ್ನೂ ನೋಡಿದ್ದೇನೆ.

ಹಿಮೋಗ್ಲೋಬಿನ್ ಪರೀಕ್ಷೆ ಇವತ್ತೇ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆ ಇದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು. ಇನ್ನೊಂದು ಮಾತು, ಕೇಳಲು ಸಂಕೋಚವಾದರೂ ಕೇಳುತ್ತೇನೆ. ಹಲ್ಲಿಗೆ ಮಿಶ್ರಿ ಉಜ್ಜುವ, ತಂಬಾಕು ಹಾಕುವ ಅಭ್ಯಾಸ ಇದೆಯಾ? ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಇದನ್ನು ಡಾಕ್ಟರ್ ಮುಂದೆ ಹೇಳುವುದೇ ಇಲ್ಲ. ನಿಕೋಟಿನ್ ಚರ್ಮಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಹೊಲಿಗೆಯ ಅಂಚು ಕಪ್ಪಾಗಲು ಅದೊಂದೇ ಸಾಕು. ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲು, ಆಮೇಲೂ ನಾಲ್ಕು ವಾರ ಪೂರ್ತಿ ಬಿಟ್ಟಿರಬೇಕು.

ಸಮಯ ನೋಡಿಕೊಳ್ಳುವುದೂ ಮುಖ್ಯ. ಆರು ವಾರ ಬಿಗಿಯಾದ ಬೆಲ್ಟ್ ಹಾಕಿಕೊಳ್ಳಬೇಕಾಗುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ, 42 ಡಿಗ್ರಿಯಲ್ಲಿ, ಅದು ಶಿಕ್ಷೆಯೇ. ದೀಪಾವಳಿ ಕಳೆದ ಮೇಲೆ, ಚಳಿಗಾಲದಲ್ಲಿ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಮಡಿಕೆಯನ್ನು ಸ್ನಾನದ ಮೇಲೆ ಚೆನ್ನಾಗಿ ಒರೆಸಿ, ತೆಳು ಹತ್ತಿ ಬಟ್ಟೆ ಇಡಿ. ತುರಿಕೆ ಇದ್ದರೆ ಅದು ಬಹುತೇಕ ಶಿಲೀಂಧ್ರದ ಸೋಂಕು. ಅಂಗಡಿಯಲ್ಲಿ ಸುಮ್ನೆ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ, ಜಾಸ್ತಿಯಾಗುತ್ತದೆ.

ಎಲ್ಲಿ ಮಾಡಿಸಿದರೂ ಸರ್ಜನ್ನರ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಎಂಬ ಪದವಿ ಇದೆಯಾ ನೋಡಿ. ಆಸ್ಪತ್ರೆಯಲ್ಲಿ ಐಸಿಯು ಇದೆಯಾ, ಅರಿವಳಿಕೆ ಯಾರು ಕೊಡುತ್ತಾರೆ ಎಂದು ಬಾಯಿಬಿಟ್ಟು ಕೇಳಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳು ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಹೈದರಾಬಾದಿಗೇ ಹೋಗುವುದಾದರೆ ಒಂದು ವಾರ ಹತ್ತು ದಿನ ಅಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿ. ಹೊಟ್ಟೆ ಹೊಲಿಸಿಕೊಂಡ ಮೂರನೇ ದಿನ ಬಸ್ಸಿನಲ್ಲಿ ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂರುವುದು ರಕ್ತ ಹೆಪ್ಪುಗಟ್ಟಲು ದಾರಿ.

ಬಸ್ಸಿನ ಆ ಅಜ್ಜಿಯ ಮಾತು ನಿಮ್ಮನ್ನು ನೋಯಿಸಿತು ಎಂದು ಬರೆದಿದ್ದೀರಿ. ಎರಡು ಮಕ್ಕಳ ತಾಯಿಗೆ ತನ್ನ ಮೈ ಬಗ್ಗೆ ಆಸೆ ಇರಬಾರದು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಿಮಗಾಗಿ ಬೇಕು ಅನಿಸಿದರೆ ಮಾಡಿಸಿಕೊಳ್ಳಿ.

ಪ್ರಶ್ನೆ: ನಾನು ಎಂಟು ತಿಂಗಳ ಬಸುರಿ, ಊರು ಹುಮನಾಬಾದ್. ಈ ಸಲವೂ ಸಿಜೇರಿಯನ್ ಎಂದಿದ್ದಾರೆ. ಹೇಗೂ ಹೊಟ್ಟೆ ಕೊಯ್ಯುತ್ತಾರಲ್ಲ, ಟಮ್ಮಿ ಟಕ್ ಕೂಡ ಒಟ್ಟಿಗೇ ಮಾಡಿಸಬಹುದಾ?

ಉತ್ತರ: ಬೇಡ. ಆ ಹೊತ್ತಿನಲ್ಲಿ ಗರ್ಭಕೋಶ ಇನ್ನೂ ದೊಡ್ಡದಿರುತ್ತದೆ, ಚರ್ಮ ಬಾತಿರುತ್ತದೆ. ಎಷ್ಟು ಕತ್ತರಿಸಬೇಕು, ಎಷ್ಟು ಬಿಗಿಯಬೇಕು ಎಂದು ಯಾವ ಸರ್ಜನ್‌ಗೂ ಸರಿಯಾಗಿ ತಿಳಿಯುವುದಿಲ್ಲ. ಹೆರಿಗೆಯ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಜಾಸ್ತಿ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಆರು ವಾರ ಬೇಕು, ಸ್ನಾಯುಗಳು ತಾವೇ ಹತ್ತಿರ ಬರಲು ತಿಂಗಳುಗಳು ಬೇಕು. ಎಷ್ಟೋ ಜನರಿಗೆ ಆಪರೇಷನ್ನೇ ಬೇಕಾಗುವುದಿಲ್ಲ. ಮಗುವಿಗೆ ಹಾಲು ಬಿಡಿಸಿ ಆರು ತಿಂಗಳಾದ ಮೇಲೆ ಯೋಚಿಸಿ. ಮತ್ತೆ ಮಗು ಬೇಕೆಂದಿದ್ದರೆ ಅದೂ ಆದ ಮೇಲೆ. ಟಮ್ಮಿ ಟಕ್ ಆದ ಮೇಲೆ ಬಸಿರಾದರೆ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ, ಆದರೆ ಹೊಲಿದ ಸ್ನಾಯು ಮತ್ತೆ ಹಿಗ್ಗಬಹುದು.

ಪ್ರಶ್ನೆ: ಸೇಡಂನಲ್ಲಿ ತವರಿನಲ್ಲಿದ್ದೇನೆ. ಹೆರಿಗೆಯಾಗಿ ಇಪ್ಪತ್ತು ದಿನ. ಅವ್ವ ಹಳೇ ಸೀರೆಯಿಂದ ಹೊಟ್ಟೆಯನ್ನು ಉಸಿರು ಕಟ್ಟುವ ಹಾಗೆ ಬಿಗಿಯುತ್ತಾಳೆ. ಇದರಿಂದ ಹೊಟ್ಟೆ ಇಳಿಯುತ್ತದಾ?

ಉತ್ತರ: ಕಟ್ಟುವುದು ತಪ್ಪಲ್ಲ. ಬೆನ್ನಿಗೆ ಆಸರೆಯಾಗುತ್ತದೆ, ಎದ್ದು ಓಡಾಡಲು ಧೈರ್ಯ ಬರುತ್ತದೆ. ಚರ್ಮ ಬಿಗಿಯಾಗುವುದು, ಕೊಬ್ಬು ಕರಗುವುದು ಇದರಿಂದ ಆಗುವುದಿಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಕ್ಕೆ ಬೀಳುತ್ತದೆ, ಗರ್ಭಕೋಶ, ಮೂತ್ರಚೀಲವನ್ನು ಕೆಳಗಿನಿಂದ ಹಿಡಿದಿಡುವ, ಮೊದಲೇ ಸಡಿಲವಾದ ಸ್ನಾಯುಗಳಿಗೆ ಅದು ಒಳ್ಳೆಯದಲ್ಲ. ಬಟ್ಟೆಯೊಳಗೆ ಆರಾಮಾಗಿ ಕೈ ಹೋಗಬೇಕು, ಊಟ ಮಾಡುವಾಗ ಮಲಗುವಾಗ ಬಿಚ್ಚಬೇಕು. ಸಿಜೇರಿಯನ್ ಆಗಿದ್ದರೆ ಗಾಯ ನೋಡಿದ ಡಾಕ್ಟರನ್ನು ಕೇಳಿಯೇ ಕಟ್ಟಿ. ಅಂಟಿನ ಉಂಡಿ ದಿನಕ್ಕೊಂದು ಸಾಕು ಎಂದು ಅವ್ವನಿಗೆ ನನ್ನ ಹೆಸರಿನಲ್ಲಿ ಹೇಳಿ.

ಪ್ರಶ್ನೆ: ನನ್ನ ಹೆಂಡತಿಗೆ ಮುಂದಿನ ತಿಂಗಳು ಟಮ್ಮಿ ಟಕ್ ನಿಗದಿಯಾಗಿದೆ. ಕಲಬುರಗಿಯಲ್ಲಿ ನಾವಿಬ್ಬರೇ, ಎರಡು ಸಣ್ಣ ಮಕ್ಕಳು. ನಾನು ಎಷ್ಟು ದಿನ ರಜೆ ಹಾಕಬೇಕು? ಏನೇನು ನೋಡಿಕೊಳ್ಳಬೇಕು?

ಉತ್ತರ: ಈ ಪತ್ರ ಓದಿ ಬಹಳ ಖುಷಿಯಾಯಿತು, ಅಣ್ಣ. ಎರಡು ವಾರ ರಜೆ ಹಾಕಿ. ಆಮೇಲೂ ಒಂದು ತಿಂಗಳು ಭಾರದ ಕೆಲಸ ನಿಮ್ಮದೇ. ನೀರಿನ ಕೊಡ, ಬಕೆಟ್, ಸಿಲಿಂಡರ್ ಯಾವುದನ್ನೂ ಆರು ವಾರ ಅವರು ಎತ್ತಬಾರದು, ಮಗುವನ್ನೂ ಸಹ. ಅವರು ಕೂತಿರಲಿ, ಮಗು ಪಕ್ಕಕ್ಕೆ ಬಂದು ಒರಗಲಿ.

ಮೊದಲ ವಾರ ಅವರು ನೆಟ್ಟಗೆ ನಿಲ್ಲಲಾರರು, ಬಾಗಿಯೇ ನಡೆಯುತ್ತಾರೆ. ಗಾಬರಿ ಬೇಡ, ಚರ್ಮ ಬಿಗಿದಿರುವುದರಿಂದ ಹಾಗೆ. ಮಲಗುವಾಗ ಬೆನ್ನ ಹಿಂದೆ ಮತ್ತು ಮೊಣಕಾಲ ಕೆಳಗೆ ದಿಂಬು ಇಡಿ. ಪಕ್ಕಕ್ಕೆ ಹೊರಳಿ, ಕೈಯೂರಿ ಏಳಬೇಕು. ನೋವಿದ್ದರೂ ದಿನಕ್ಕೆ ನಾಲ್ಕೈದು ಸಲ ಮನೆಯೊಳಗೆ ನಡೆಸಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಬೇಕೇ ಬೇಕು. ಹೊಟ್ಟೆಯಿಂದ ನೀರು ಹೊರಬರಲು ಸಣ್ಣ ಕೊಳವೆ ಇಟ್ಟು ಕಳಿಸಬಹುದು. ಅದರಲ್ಲಿ ಬಂದ ನೀರನ್ನು ಅಳೆದು ದಿನಾ ಬರೆದಿಡಿ, ಕೊಳವೆ ಯಾವಾಗ ತೆಗೆಯಬೇಕೆಂದು ಡಾಕ್ಟರು ಅದನ್ನು ನೋಡಿಯೇ ಹೇಳುತ್ತಾರೆ.

ಎರಡನೇ ವಾರದಲ್ಲಿ ಹೊಟ್ಟೆ ಬಾತು, ಮೊದಲಿಗಿಂತ ಕೆಟ್ಟದಾಗಿ ಕಾಣಬಹುದು. ಹಣ ಹಾಕಿ ಹೀಗಾಯಿತಲ್ಲ ಎಂದು ಅವರು ಅತ್ತರೆ ವಾದ ಮಾಡಬೇಡಿ, ಜೊತೆಗೆ ಕೂತಿರಿ. ಬಾವು ಇಳಿಯಲು ಮೂರು ತಿಂಗಳು, ಗುರುತು ಮಾಸಲು ಒಂದು ವರ್ಷ ಬೇಕು.

ಒಂದೇ ಕಾಲು ಬಾತು ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು: ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಜ್ವರ, ಹೊಲಿಗೆಯಿಂದ ವಾಸನೆ, ಚರ್ಮ ಕಪ್ಪಾಗುವುದು, ಒಂದು ಕಡೆ ದಿಢೀರನೆ ಊದುವುದು ಕಂಡರೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಅದೇ ದಿನ ಕರೆದೊಯ್ಯಿರಿ. ರಾತ್ರಿ ಹೊತ್ತು ಅಲ್ಲಿ ಯಾರ ನಂಬರಿಗೆ ಫೋನ್ ಮಾಡಬೇಕು ಎಂದು ಈಗಲೇ ಕೇಳಿಕೊಂಡು, ದೊಡ್ಡದಾಗಿ ಬರೆದು ಮಂಚದ ಹತ್ತಿರದ ಗೋಡೆಗೆ ಅಂಟಿಸಿಬಿಡಿ.