64 ಜಿಬಿಯಲ್ಲಿ ಸಂಸಾರ

ಕಂಪ್ಯೂಟರ್ ಕಟ್ಟೆ: ಓದುಗರ ಪ್ರಶ್ನೆಗಳಿಗೆ ಬದಿಯಡ್ಕದ ರಿಪೇರಿ ಅಂಗಡಿಯಿಂದ ಉತ್ತರ

ಪ್ರಶ್ನೆ: ಅಣ್ಣ, ನಾನು ಪೆರ್ಲದ ಹತ್ತಿರ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಮೂರು ವರ್ಷದ ಹಿಂದೆ ಕಡಿಮೆ ಬೆಲೆಯ ಒಂದು ಲ್ಯಾಪ್‌ಟಾಪ್ ತೆಗೆದುಕೊಂಡೆ. ಸ್ಕ್ರೀನ್ ಪೂರ್ತಿ ಹಿಂದಕ್ಕೆ ಮಡಚಿದರೆ ಟ್ಯಾಬ್ ಆಗುತ್ತದೆ. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ವಿಂಡೋಸ್ 11. ಈಗ ಸಿ ಡ್ರೈವ್ ಕೆಂಪಾಗಿದೆ. 2 ಜಿಬಿ ಮಾತ್ರ ಬಾಕಿ, ಅಪ್‌ಡೇಟ್ ಆಗುತ್ತಿಲ್ಲ. ನನ್ನ ಫೈಲ್‌ಗಳೆಲ್ಲ ಸೇರಿದರೂ 9 ಜಿಬಿ ದಾಟುವುದಿಲ್ಲ. ಸ್ಟೋರೇಜ್ ಹೆಚ್ಚಿಸಲು 512 ಜಿಬಿ ಎಸ್‌ಎಸ್‌ಡಿ ಆರ್ಡರ್ ಮಾಡುತ್ತೇನೆ ಅಂತ ತಮ್ಮ ಹೇಳುತ್ತಿದ್ದಾನೆ. ಮಾಡಿಸಲಾ?

ಉತ್ತರ: ಟೀಚರೇ, ತಮ್ಮನಿಗೆ ಎರಡು ದಿನ ತಡೆಯಲು ಹೇಳಿ. ನನ್ನ ಮೇಜಿನ ಡ್ರಾಯರಿನಲ್ಲಿ ಹೀಗೆ ಮೊದಲೇ ತರಿಸಿ, ಹಾಕಲು ಜಾಗವೇ ಇಲ್ಲದೆ ಉಳಿದ ಎಸ್‌ಎಸ್‌ಡಿ ಎರಡು ಉಂಟು. ತಂದವರು ಮಾರಿಕೊಡಿ ಅಂತ ಬಿಟ್ಟು ಹೋದದ್ದು.

ಮೊದಲು ಲೆಕ್ಕ ನೋಡುವ. 64 ಜಿಬಿ ಅಂತ ಡಬ್ಬದ ಮೇಲೆ ಬರೆದದ್ದು ಸಾವಿರದ ಲೆಕ್ಕ, ವಿಂಡೋಸ್ ಎಣಿಸುವುದು 1024ರ ಲೆಕ್ಕ. ಹಾಗಾಗಿ ಸಿ ಡ್ರೈವಿನಲ್ಲಿ 58 ಚಿಲ್ಲರೆ ಕಾಣುತ್ತದೆ. ನಿಮ್ಮದು 9, ಬಾಕಿ 2. ಉಳಿದ 47 ಯಾರ ಹೊಟ್ಟೆಗೆ? ವಿಂಡೋಸಿಗೇ 20ರ ಮೇಲೆ ಬೇಕು. ಅದಲ್ಲದೆ ಮುಂದಿನ ಅಪ್‌ಡೇಟಿಗೆ ಅಂತ ಸುಮಾರು 7 ಜಿಬಿ ಬೇಲಿ ಹಾಕಿ ಇಟ್ಟುಕೊಳ್ಳುತ್ತದೆ. ಹೈಬರ್ನೇಟ್ ಫೈಲ್ ಅಂತ ರ‍್ಯಾಮಿನ 40 ಶೇಕಡಾ, ಅಂದರೆ ಒಂದೂವರೆ ಜಿಬಿ. ಆಫೀಸ್, ಬ್ರೌಸರ್, ವಾಟ್ಸಾಪಿನಲ್ಲಿ ಬಂದ ಶುಭೋದಯಗಳು. ಇವೆಲ್ಲದರ ಮೇಲೆ ಹಳೆಯ ಅಪ್‌ಡೇಟ್‌ಗಳ ಕಸ. ಅಂದರೆ ಮನೆ ತುಂಬಿದ್ದು ನಿಮ್ಮ ಸಾಮಾನಿನಿಂದ ಅಲ್ಲ.

ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಅಲ್ಲಿ ಒಂದು ಪಟ್ಟಿ ಬರುತ್ತದೆ. ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಶನ್, ಹಳೆಯ ವಿಂಡೋಸ್ ಇನ್‌ಸ್ಟಾಲೇಶನ್ ಇದ್ದರೆ ಅದು. ಇವಕ್ಕೆ ಟಿಕ್ ಹಾಕಿ ಅಳಿಸಿ. ಆದರೆ ಕಣ್ಣು ಬಿಟ್ಟು ನೋಡಿ: ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಅಂತಲೂ ಒಂದು ಸಾಲು ಇರುತ್ತದೆ. ಅದು ಕಸ ಅಲ್ಲ, ನೀವು ಇಳಿಸಿಟ್ಟ ಎಲ್ಲ ಫೈಲ್‌ಗಳ ಫೋಲ್ಡರ್. ‘ಎಲ್ಲದಕ್ಕೂ ಟಿಕ್ ಹಾಕಿದೆ’ ಅಂತ ಅಳುವ ಮುಖ ಮಾಡಿಕೊಂಡು ಬಂದವರು ಒಬ್ಬಿಬ್ಬರಲ್ಲ. ಒಬ್ಬರದ್ದು ಪೂರ್ತಿ ಒಂದು ವರ್ಷದ ಪ್ರಶ್ನೆಪತ್ರಿಕೆಗಳು ಹೋಗಿದ್ದವು. ಡೌನ್‌ಲೋಡ್ಸ್‌ನಲ್ಲೇ ಸಂಸಾರ ಮಾಡುವ ಅಭ್ಯಾಸ ನಮ್ಮವರಿಗೆ ಜಾಸ್ತಿ, ಅಲ್ವಾ?

ಈ ಕೆಲಸಕ್ಕೆ ಹತ್ತು ನಿಮಿಷ. ಅಪ್‌ಡೇಟ್ ಆಗುವಷ್ಟು ಜಾಗ ಹೆಚ್ಚಾಗಿ ಇದರಲ್ಲೇ ಸಿಕ್ಕಿಬಿಡುತ್ತದೆ. ಶಾಲಾ ಮಕ್ಕಳ ವಿವರ ತುಂಬುವ ಸರಕಾರಿ ವೆಬ್‌ಸೈಟ್ ‘ಸಂಪೂರ್ಣ’ದ ಕೆಲಸ ಬ್ರೌಸರಿನಲ್ಲೇ ನಡೆಯುವ ಕಾರಣ ಅದಕ್ಕೆ ಜಾಗದ ಚಿಂತೆ ಬೇಡ. ಸಿಕ್ಕ ಸಿಕ್ಕ ‘ಕ್ಲೀನರ್’ ಸಾಫ್ಟ್‌ವೇರ್ ಹಾಕಬೇಡಿ. ಅದು ಬಂದು ತಾನೇ ಒಂದು ಕೋಣೆ ಹಿಡಿಯುತ್ತದೆ.

ಇನ್ನು ತಮ್ಮನ ಎಸ್‌ಎಸ್‌ಡಿ. ಈ ದರದ ಲ್ಯಾಪ್‌ಟಾಪಿನಲ್ಲಿ 64 ಜಿಬಿ ಅಂದರೆ ಬಹುತೇಕ ಇಎಂಎಂಸಿ ಚಿಪ್. ಮೊಬೈಲಿನಲ್ಲಿ ಇರುವ ಜಾತಿಯದ್ದು. ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತದೆ. ಅದನ್ನು ಕಿತ್ತು ದೊಡ್ಡದು ಕೂರಿಸುವುದು ನಮ್ಮ ಅಂಗಡಿಯ ಕೆಲಸ ಅಲ್ಲ, ಮಾಡಿಸುವ ಖರ್ಚೂ ಮೇಲೇಳುವುದಿಲ್ಲ. ಇರುವ ಒಂದೇ ಆಸೆ ಪಕ್ಕದಲ್ಲಿ ಎಸ್‌ಎಸ್‌ಡಿ ಕೂರಿಸುವ ಖಾಲಿ ಎಂ.2 ಸ್ಲಾಟ್ ಇರಬಹುದು ಎಂಬುದು. ಕೆಲವು ಮಾಡೆಲ್‌ಗಳಲ್ಲಿ ಇರುತ್ತದೆ, ಕೆಲವದರಲ್ಲಿ ಇಲ್ಲ. ಕಂಪನಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಮಾಡೆಲ್ ನಂಬರ್ ಹಾಕಿ ನೋಡಿ, ಅಥವಾ ಬಿಚ್ಚಿ ನೋಡಬೇಕು. ಕೀಬೋರ್ಡಿನಿಂದ ಸ್ಕ್ರೀನ್ ಕಳಚಿ ಬರುವ ಜಾತಿಯಾದರೆ ಬಿಚ್ಚುವ ಆಸೆ ಬಿಡಿ, ಅದರಲ್ಲಿ ಎಲ್ಲವೂ ಸ್ಕ್ರೀನಿನ ಹಿಂದೆಯೇ ಅಂಟಿಕೊಂಡಿರುತ್ತದೆ. ನಿಮ್ಮದು ಮಡಚುವ ಜಾತಿ, ಅಡಿ ಬಿಚ್ಚಬಹುದು.

ಕಳೆದ ಮಳೆಗಾಲದಲ್ಲಿ ನೀರ್ಚಾಲಿನಿಂದ ಇಂಥದ್ದೇ ಒಂದು ಬಂತು. ಅಡಿಯಲ್ಲಿ ಕಾಣುವ ಎಂಟು ಸ್ಕ್ರೂ ತೆಗೆದೆ, ಮುಚ್ಚಳ ಅಲ್ಲಾಡಲಿಲ್ಲ. ಹಿಂದಿನ ರಬ್ಬರ್ ಕಾಲನ್ನು ಉಗುರಿನಿಂದ ಎಬ್ಬಿಸಿದರೆ ಅದರ ಕೆಳಗೆ ಇನ್ನೆರಡು, ನಮ್ಮ ತಂಡಿಗೆ ತುಕ್ಕು ಹಿಡಿದು ಕೂತಿದ್ದವು. ಹಳೆಯ ಎಟಿಎಂ ಕಾರ್ಡ್ ಅಂಚಿನಲ್ಲಿ ತೂರಿಸಿ ಸುತ್ತ ತಂದಾಗ ಕಟ್ ಕಟ್ ಅಂತ ಬಿಟ್ಟಿತು. ಮೊದಲು ಬ್ಯಾಟರಿಯ ವಯರ್ ಕಳಚಿದೆ, ಇದನ್ನು ಮರೆಯಬಾರದು. ನೋಡಿದರೆ ಬೋರ್ಡಿನ ಮೇಲೆ ಎಸ್‌ಎಸ್‌ಡಿ ಅಂತ ಬಿಳಿ ಅಕ್ಷರದಲ್ಲಿ ಬರೆದಿದೆ, ಜಾಗದ ಗುರುತೂ ಇದೆ, ಸಾಕೆಟ್ ಮಾತ್ರ ಇಲ್ಲ! ಬರೀ ಬೆಸುಗೆಯ ಚುಕ್ಕೆಗಳ ಸಾಲು. ಆ ಬೋರ್ಡನ್ನೇ ಸ್ವಲ್ಪ ಹೆಚ್ಚು ಬೆಲೆಯ ಮಾಡೆಲಿಗೂ ಬಳಸುತ್ತಾರೆ, ಅದಕ್ಕೆ ಮಾತ್ರ ಸಾಕೆಟ್ ಕೂರಿಸುತ್ತಾರೆ. ಮುಚ್ಚಿ ಕೊಟ್ಟೆ. ಬಿಚ್ಚಿದ್ದಕ್ಕೆ ಚಾರ್ಜ್ ತೆಗೆದುಕೊಳ್ಳಲು ನಾಚಿಕೆ ಆಯಿತು, ಆದರೂ ತೆಗೆದುಕೊಂಡೆ.

ನಿಮ್ಮದರಲ್ಲಿ ಸಾಕೆಟ್ ಇದ್ದರೆ ಎರಡು ವಿಷಯ ನೋಡಿ ಆಮೇಲೆ ಆರ್ಡರ್ ಮಾಡಿ. ಒಂದು, ಉದ್ದ. 2242 ಅಂದರೆ 22 ಮಿಲಿಮೀಟರ್ ಅಗಲ, 42 ಉದ್ದ, ಒಂದು ಬೀಡಿಯಷ್ಟೂ ಇಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 2280, ಅದು 80 ಮಿಲಿಮೀಟರ್. ಚಿಕ್ಕ ಜಾಗಕ್ಕೆ ದೊಡ್ಡದು ಕೂರುವುದಿಲ್ಲ. ಎರಡು, ಜಾತಿ: ಸಾಟಾ, ಎನ್‌ವಿಎಂಇ ಅಂತ ಎರಡುಂಟು. ಸ್ಲಾಟ್ ಸಾಟಾ ಮಾತ್ರದ್ದಾದರೆ ಎನ್‌ವಿಎಂಇ ಹಾಕಿದರೆ ಲ್ಯಾಪ್‌ಟಾಪಿಗೆ ಅದು ಕಾಣುವುದೇ ಇಲ್ಲ. ಸಾಟಾ ಸೆಕೆಂಡಿಗೆ 550 ಎಂಬಿ ಹತ್ತಿರ ಓಡುತ್ತದೆ, ಎನ್‌ವಿಎಂಇ ಅದರ ಎಷ್ಟೋ ಪಟ್ಟು. ನಿಮ್ಮ ಕೆಲಸಕ್ಕೆ ಸಾಟಾ ಸಾಕೇ ಸಾಕು. 512 ಬೇಡ, 256 ಸಾಕು.

ಹಾಕಿದ ಮೇಲೆ ವಿಂಡೋಸನ್ನು ಎಸ್‌ಎಸ್‌ಡಿಗೇ ಹೊಸದಾಗಿ ಇನ್‌ಸ್ಟಾಲ್ ಮಾಡಿಸಿ. ಲೈಸೆನ್ಸ್ ಬೋರ್ಡಿಗೆ ಸೇರಿದ್ದು, ಪುನಃ ದುಡ್ಡು ಕೊಡಬೇಕಾಗಿಲ್ಲ. ಬಿಚ್ಚುವ ಮೊದಲು ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ ಡ್ರೈವಿಗೆ ವಿಂಡೋಸ್ ಹಾಕುವ ಬೀಗವಾದ ಬಿಟ್‌ಲಾಕರಿನ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಅದು ಆನ್ ಆಗಿರುತ್ತದೆ, ಬಯೋಸ್ ಸೆಟ್ಟಿಂಗ್ ಬದಲಿಸಿದರೆ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ನಿಮ್ಮ 9 ಜಿಬಿ ನನ್ನಿಂದಲೂ ತೆಗೆಯಲಾಗುವುದಿಲ್ಲ.

ಸಾಕೆಟ್ ಇಲ್ಲದಿದ್ದರೆ ಮೈಕ್ರೋ ಎಸ್‌ಡಿ ಕಾರ್ಡ್. 128 ಜಿಬಿಯದ್ದು ಹಾಕಿ ಫೋಟೋ, ವಿಡಿಯೋ, ಹಳೆಯ ವರ್ಷದ ಪಾಠಗಳನ್ನು ಅದಕ್ಕೆ ಸಾಗಿಸಿ. ಪ್ರೋಗ್ರಾಮ್‌ಗಳನ್ನು ಅದರಲ್ಲಿ ಇನ್‌ಸ್ಟಾಲ್ ಮಾಡಬೇಡಿ, ಸಾಮಾನ್ಯ ಕಾರ್ಡಿನ ವೇಗ ಹೆಚ್ಚೆಂದರೆ ಸೆಕೆಂಡಿಗೆ 100 ಎಂಬಿ ಆಸುಪಾಸು. ತೆರೆಯಲು ಕಾದು ಕಾದು ಸುಸ್ತಾಗುತ್ತೀರಿ. ಕಾರ್ಡಿನಲ್ಲಿ ಇರುವುದರ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ಪ್ರಶ್ನೆ: ಉಪ್ಪಳದಿಂದ ಬರೆಯುತ್ತಿದ್ದೇನೆ, ಪ್ಲಸ್ ಟು ವಿದ್ಯಾರ್ಥಿ. ಮಾವ ಕೊಟ್ಟ ಹಳೆಯ ಟಚ್ ಲ್ಯಾಪ್‌ಟಾಪ್, 32 ಜಿಬಿ, ವಿಂಡೋಸ್ 10. ಜಾಗ ಖಾಲಿ ಮಾಡಿ 11 ಹಾಕಬಹುದೇ?

ಉತ್ತರ: ಇಲ್ಲ ಮಗಾ. 11ಕ್ಕೆ ಕನಿಷ್ಠ 64 ಜಿಬಿ ಬೇಕು. 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸಿನ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕು. ನಿನಗೇನು ಹೊಸತಲ್ಲ, ನಮ್ಮ ಕೇರಳದ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ಕೈಟ್‌ನವರು (ಶಾಲೆಗಳ ಐಟಿ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಕೊಟ್ಟ ಲಿನಕ್ಸ್‌ನಲ್ಲೇ ಕಲಿತಿರುತ್ತಿ. ಲಿನಕ್ಸ್ ಮಿಂಟ್‌ಗೆ 20 ಜಿಬಿ ಇದ್ದರೆ ನಡೆಯುತ್ತದೆ. ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡು. ವೈಫೈ, ಟಚ್, ಸ್ಕ್ರೀನ್ ತಿರುಗಿಸಿದಾಗ ತಿರುಗುತ್ತದಾ, ಸೌಂಡ್. ಅಗ್ಗದ ಲ್ಯಾಪ್‌ಟಾಪಿನಲ್ಲಿ ಇವೇ ಕೈಕೊಡುವುದು. ಸರಿ ಇದ್ದರೆ ಮಾತ್ರ ಇನ್‌ಸ್ಟಾಲ್.

ಪ್ರಶ್ನೆ: 512 ಜಿಬಿಯ ಮೆಮೊರಿ ಕಾರ್ಡ್ ತುಂಬ ಕಡಿಮೆಗೆ ಸಿಗುತ್ತಿದೆ. ತೆಗೆದುಕೊಳ್ಳಲೇ? (ಮುಳ್ಳೇರಿಯದಿಂದ)

ಉತ್ತರ: ಬೇಡ ಮಾರಾಯ್ರೇ. ರಿಪೇರಿಯವನಾದ ನಾನೇ ಒಮ್ಮೆ ಬಿದ್ದಿದ್ದೇನೆ. ಪೇಟೆಯಲ್ಲಿ ಒಂದು ಅಂಗಡಿಯಿಂದ ತಂದೆ, ಕಂಪ್ಯೂಟರಿನಲ್ಲಿ 512 ಅಂತಲೇ ತೋರಿಸಿತು. ಊರಿನಲ್ಲಿ ರಾತ್ರಿಯಿಡೀ ನಡೆದ ಯಕ್ಷಗಾನ ಆಟದ ವಿಡಿಯೋವನ್ನು ಮೊಬೈಲಿನಿಂದ ಅದಕ್ಕೆ ಹಾಕಿ, ಮೊಬೈಲಿನಲ್ಲಿ ಅಳಿಸಿದೆ. ಮೊದಲ ಮೂರೂವರೆ ಗಂಟೆ ಚೆನ್ನಾಗಿ ಓಡಿತು. ಅಭಿಮನ್ಯು ಚಕ್ರವ್ಯೂಹದ ಒಳಗೆ ಹೋದದ್ದು ಉಂಟು, ಮತ್ತೆ ಎಂತದೂ ಇಲ್ಲ. ಫೈಲಿನ ಹೆಸರು ಇದೆ, ಗಾತ್ರ ಇದೆ, ತೆರೆಯುವುದಿಲ್ಲ. ಒಳಗಿದ್ದ ನಿಜವಾದ ಜಾಗ 30 ಜಿಬಿಯೂ ಇರಲಿಲ್ಲ, ಸುಳ್ಳು ಹೇಳುವಂತೆ ಕಾರ್ಡಿಗೆ ಕಲಿಸಿದ್ದರು.

ಹೊಸ ಕಾರ್ಡ್ ಯಾವುದೇ ಇರಲಿ, ಖಾಲಿ ಇರುವಾಗಲೇ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್ ಓಡಿಸಿ. ಲಿನಕ್ಸಿನಲ್ಲಾದರೆ ಎಫ್3. ಕಾರ್ಡ್ ತುಂಬ ಬರೆದು, ಬರೆದದ್ದನ್ನು ಪುನಃ ಓದಿ ನೋಡುತ್ತದೆ. ದೊಡ್ಡ ಕಾರ್ಡಾದರೆ ಗಂಟೆಗಟ್ಟಲೆ ಹಿಡಿಯುತ್ತದೆ. ರಾತ್ರಿ ಊಟ ಆದ ಮೇಲೆ ಚಾರ್ಜರ್ ಸಿಕ್ಕಿಸಿ ಶುರು ಮಾಡಿ ಮಲಗಿ. ಬಿಲ್ ಮಾತ್ರ ಬೆಳಿಗ್ಗೆವರೆಗೆ ಬಿಸಾಡಬೇಡಿ.